ಕಡಲ ತೀರದ ಕ್ಯಾಂಪರ್ ವ್ಯಾನ್ ಪ್ರವಾಸ ಮುಗಿಸಿ ಕೊಡಗಿಗೆ ಮರಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಿದ್ದು, ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕಿತು ಅಂದ್ರೆ ಕೊಡಗಿನಿಂದ ಕರಾವಳಿ ಕಡೆ ಹೊರಡುವವರು ಜಾಸ್ತಿ. ಈಗೀಗ ಕೆಲವರು ಟೆಂಪೋ ಟ್ರಾವೆಲರ್ ಒಳಗೇ ಹಾಸಿಗೆ, ಒಲೆ, ಟಾಯ್ಲೆಟ್ ಮಾಡಿಸಿಕೊಂಡು ಹೋಗುತ್ತಾರೆ. ಇನ್ನು ಕೆಲವರು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಕಾಪುವಿನಲ್ಲಿ ಒಬ್ಬ ಗೆಳೆಯ, ಮಲ್ಪೆಯಲ್ಲಿ ಕಾಲೇಜಿನ ಗೆಳತಿ, ಮರವಂತೆ ಹತ್ತಿರ ಹಳೆಯ ಸಹೋದ್ಯೋಗಿ. ಒಬ್ಬೊಬ್ಬರ ಅಂಗಳದಲ್ಲಿ ಎರಡೆರಡು ರಾತ್ರಿ. ಹೀಗೆ ಹೋಗುವ ಪ್ರವಾಸಕ್ಕೆ ಹೇಗೆ ತಯಾರಾಗಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹೇಗೆ ಮುಗಿಸಬೇಕು ಅನ್ನುವುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಆದರೆ ಗಾಡಿಗೆ ಪೆಟ್ಟು ಬೀಳುವುದು ಅಲ್ಲೇ. ಗೆಳೆಯರ ಮನೆಯವರಿಗೆ ಸುಮ್ನೆ ಕೆಲಸ ಹೆಚ್ಚುವುದೂ ಅಲ್ಲೇ.

ಮೊದಲು ಉಪ್ಪಿನ ವಿಷಯ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲೆ ಒಡೆದಾಗ ಏಳುವ ತುಂತುರು ಗಾಳಿಯಲ್ಲಿ ತೇಲಿ ಬಂದು ವ್ಯಾನಿನ ಮೈಗೆಲ್ಲ ಕೂರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ತಾನಾಗಿ ನೀರೆಳೆದುಕೊಂಡು ಕರಗಲು ಶುರುವಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದು ಇದೇ ಕಾರಣಕ್ಕೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗಾಳಿ ಹೆಚ್ಚಿನ ದಿನ ಆ ಮಟ್ಟಕ್ಕಿಂತ ಮೇಲೇ ಇರುತ್ತದೆ. ಅಂದ್ರೆ ಮೇ ತಿಂಗಳಲ್ಲಿ ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಸಂದಿಯಲ್ಲಿ ಕೂತು ಬಂದ ಉಪ್ಪು ಶೆಡ್ಡಿನೊಳಗೆ ನಾಲ್ಕು ತಿಂಗಳು ಒಣಗುವುದೇ ಇಲ್ಲ. ಒದ್ದೆ ಉಪ್ಪು ಕಬ್ಬಿಣವನ್ನು ಹಗಲು ರಾತ್ರಿ ತಿನ್ನುತ್ತಿರುತ್ತದೆ. ಬಿಸಿಲೂರಿನವರು ವಾರ ಬಿಟ್ಟು ಗಾಡಿ ತೊಳೆದರೂ ನಡೆದೀತು, ನಮಗೆ ನಡೆಯುವುದಿಲ್ಲ. ಹಾಗಾಗಿ ಈ ಬರಹದ ಮುಖ್ಯ ಮಾತು ಇಷ್ಟೇ: ಉಪ್ಪು, ಮರಳು, ಒದ್ದೆ ಈ ಮೂರನ್ನೂ ಘಟ್ಟದ ಕೆಳಗೇ ಬಿಟ್ಟು ಬನ್ನಿ. ಅದಕ್ಕೆ ಪ್ರವಾಸದ ಕೊನೆಯ ಎರಡು ದಿನವನ್ನು ಎತ್ತಿಡಿ.

ಹೊರಡುವ ಹಿಂದಿನ ದಿನ

ಕೊನೆಯ ದಿನವೂ ಸಂಜೆವರೆಗೆ ಸಮುದ್ರದಲ್ಲಿ ಆಡಿ, ಒದ್ದೆ ಬಟ್ಟೆ ತುಂಬಿಕೊಂಡು ಬೆಳಗ್ಗೆ ಹೊರಡುವ ಲೆಕ್ಕ ಬೇಡ. ಕಡೆಯ ಸ್ನಾನ ಹಿಂದಿನ ದಿನ ಬೆಳಗ್ಗೆಯೇ ಮುಗಿಯಲಿ. ಟವೆಲ್, ಈಜುವ ಬಟ್ಟೆ, ಚಾಪೆ ಎಲ್ಲವನ್ನೂ ಸಿಹಿನೀರಿನಲ್ಲಿ ಜಾಲಾಡಿಸಿ ಗೆಳೆಯರ ಅಂಗಳದ ಹಗ್ಗಕ್ಕೆ ಹಾಕಿ. ಕರಾವಳಿಯ ಬೇಸಿಗೆ ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಮಡಿಕೇರಿಯಲ್ಲಿ ಸಂಜೆ ಮಳೆ ಶುರುವಾಗಿದ್ದರೆ ಅದೇ ಬಟ್ಟೆಗೆ ಮೂರು ದಿನ ಬೇಕು.

ಆಮೇಲೆ ಆನಿಂಗ್. ವ್ಯಾನಿನ ಪಕ್ಕಕ್ಕೆ ಬಿಚ್ಚುವ ಆ ಬಟ್ಟೆಯ ಚಪ್ಪರವನ್ನು ಸುತ್ತುವ ಮೊದಲು ಎರಡೂ ಬದಿ ಗುಡಿಸಬೇಕು. ಮರಳಿನ ಸಮೇತ ಸುತ್ತಿದರೆ ಬಟ್ಟೆ ಸವೆಯುತ್ತದೆ. ರಾತ್ರಿ ಇಬ್ಬನಿಗೆ ಒದ್ದೆಯಾಗಿದ್ದರೆ ಬಿಸಿಲು ಏರುವವರೆಗೆ ಕಾಯಿರಿ. ಒದ್ದೆಯಾಗಿ ಸುತ್ತಿದ ಆನಿಂಗ್ ಬೂಷ್ಟು ಹಿಡಿಯಲು ಒಂದು ವಾರ ಸಾಕು. ಆ ಕಪ್ಪು ಚುಕ್ಕೆ ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ.

ಮರಳು ತೆಗೆಯುವುದಕ್ಕೆ ಒದ್ದೆ ಬಟ್ಟೆ ಮುಟ್ಟಬೇಡಿ. ಒದ್ದೆ ಮಾಡಿದರೆ ಮರಳು ಅಂಟಿಕೊಂಡು ಇನ್ನೂ ಒಳಗೆ ಹೋಗುತ್ತದೆ. ಎರಡು ಇಂಚಿನ ಪೈಂಟ್ ಬ್ರಷ್ ಒಂದು ಇಟ್ಟುಕೊಳ್ಳಿ. ಜಾರುವ ಬಾಗಿಲಿನ ಕೆಳಗಿನ ಹಳಿ ನೋಡಿ. ಅಲ್ಲಿ ಗ್ರೀಸಿಗೆ ಮರಳು ಮೆತ್ತಿ ಕಪ್ಪು ಗಟ್ಟಿಯಾಗಿರುತ್ತದೆ. ಬಾಗಿಲು ಎಳೆದಾಗ ಕರಕರ ಅನ್ನುವುದು ಅದೇ. ಬ್ರಷ್ಷಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು ತೆಗೆಯಿರಿ, ಉಳಿದದ್ದನ್ನು ಡೀಸೆಲ್ ತೋಯಿಸಿದ ಬಟ್ಟೆಯಲ್ಲಿ ಒರೆಸಿ. ಹೊಸ ಗ್ರೀಸ್ ಮನೆಗೆ ಹೋದ ಮೇಲೆ ಹಚ್ಚಿದರಾಯಿತು. ಸೀಟಿನ ಹಳಿ, ಕಿಟಕಿಯ ರಬ್ಬರಿನ ಸಂದಿ, ಬೆಡ್ಡಿನ ಕೆಳಗಿನ ಮೂಲೆಗೂ ಇದೇ ಬ್ರಷ್. ಮ್ಯಾಟುಗಳನ್ನು ದೂರದ ತೆಂಗಿನ ಮರಕ್ಕೆ ಬಡಿದು ಕೊಡವಿ, ಗುಡಿಸಿಟ್ಟ ಅಂಗಳದಲ್ಲಿ ಬೇಡ.

ಟ್ಯಾಂಕುಗಳು: ಇಲ್ಲಿ ನಾಚಿಕೆ ಬೇಡ

ಕ್ಯಾಸೆಟ್ ಟಾಯ್ಲೆಟ್ (ಮಲದ ಡಬ್ಬಿಯನ್ನು ಹೊರಗೆಳೆದು ಖಾಲಿ ಮಾಡುವ ಟಾಯ್ಲೆಟ್) ಖಾಲಿ ಮಾಡುವುದಕ್ಕೆ ನಮ್ಮ ಕಡೆ ಪ್ರತ್ಯೇಕ ಜಾಗ ಅಂತ ಸಿಗುವುದೇ ಅಪರೂಪ. ಗೆಳೆಯರ ಮನೆಯ ಟಾಯ್ಲೆಟ್ಟೇ ಗತಿ. ಬಂದ ದಿನವೇ ನೇರವಾಗಿ ಕೇಳಿಬಿಡಿ. ಕೇಳಲು ಮುಜುಗರಪಟ್ಟು ಕೊನೆಗೆ ಚರಂಡಿಗೋ ಹೊಳೆಬದಿಗೋ ಸುರಿಯುವವರಿದ್ದಾರೆ. ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಕರಾವಳಿಯಲ್ಲಿ ನೆಲದಡಿಯ ನೀರು ಬಹಳ ಮೇಲೇ ಇರುತ್ತದೆ, ಸುರಿದದ್ದು ಯಾರದೋ ಕುಡಿಯುವ ನೀರಿಗೆ ಸೇರುತ್ತದೆ.

ಮನೆಯವರ ಗುಂಡಿ ಚಿಕ್ಕದಿರಬಹುದು. ಹಾಗಾಗಿ ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಖಾಲಿ ಮಾಡಿ. ಟಾಯ್ಲೆಟ್ಟಿಗೆ ಹಾಕುವ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಗುಂಡಿಯಲ್ಲಿ ಮಲ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಅದಿಲ್ಲದ, ಎನ್‌ಜೈಮ್ ಇರುವ ದ್ರಾವಣವನ್ನೇ ಕೊಂಡುಹೋಗಿ. ಕೆಲಸ ಮುಗಿದ ಮೇಲೆ ಅವರ ಟಾಯ್ಲೆಟ್ ತೊಳೆದು, ಒರೆಸಿ, ಬಕೆಟ್ ಜಾಗದಲ್ಲಿಟ್ಟು ಬನ್ನಿ. ಇದನ್ನು ಮನೆಯ ಹೆಂಗಸರಿಗೆ ಬಿಡಬಾರದು, ತಂದವರೇ ಮಾಡಬೇಕು.

ಪಾತ್ರೆ ತೊಳೆದ ಕೊಳೆನೀರಿನ ಟ್ಯಾಂಕನ್ನು ಬಾಳೆಬುಡಕ್ಕೆ ಬಿಡಬಹುದು, ಮನೆಯವರು ಒಪ್ಪಿದರೆ. ಖಾಲಿಯಾದ ಮೇಲೆ ಹತ್ತು ಲೀಟರ್ ನೀರಿಗೆ ಸ್ವಲ್ಪ ಪಾತ್ರೆ ಸೋಪು ಬೆರೆಸಿ ಒಳಗೆ ಹಾಕಿ ವಾಲ್ವ್ ಮುಚ್ಚಿ. ಘಾಟಿಯ ತಿರುವುಗಳಲ್ಲಿ ಆ ನೀರು ಅತ್ತಿತ್ತ ಬಡಿದು, ನೀವು ಕೈ ಹಾಕಲಾಗದ ಮೂಲೆಗಳನ್ನು ತೊಳೆದಿರುತ್ತದೆ.

ಕುಡಿಯುವ ನೀರಿನ ಟ್ಯಾಂಕನ್ನು ಬಹುಪಾಲು ಖಾಲಿ ಮಾಡಿ. ನೂರು ಲೀಟರ್ ಅಂದ್ರೆ ನೂರು ಕಿಲೋ. ಅಷ್ಟು ತೂಕವನ್ನು ಸುಮ್ನೆ ಘಟ್ಟ ಹತ್ತಿಸುವುದು ಯಾಕೆ? ದಾರಿಗೆ ಹದಿನೈದು ಲೀಟರ್ ಸಾಕು.

ಮೀನು, ಅಕ್ಕಿ, ಗಿಡ

ಕರಾವಳಿಯ ಗೆಳೆಯರು ಬರಿಗೈಲಿ ಕಳಿಸುವವರಲ್ಲ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಒಣಮೀನು, ಸೀಸನ್ ಇದ್ದರೆ ಮಟ್ಟುಗುಳ್ಳ ಬದನೆ. ಇದಕ್ಕೆಲ್ಲ ಜಾಗ ಮೊದಲೇ ಮಾಡಿಟ್ಟುಕೊಳ್ಳಿ. ಒಣಮೀನನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಹಾಸಿಗೆಗೆ ಹತ್ತಿದ ಒಣಸಿಗಡಿಯ ವಾಸನೆ ಮಳೆಗಾಲ ಮುಗಿಯುವವರೆಗೂ ಹೋಗುವುದಿಲ್ಲ.

ಹಸಿ ಮೀನು ತರುವುದಾದರೆ ಅಲ್ಲೇ ಕ್ಲೀನ್ ಮಾಡಿಸಿ. ಮೀನಿನಷ್ಟೇ ತೂಕದ ಪುಡಿ ಐಸ್ ಹಾಕಿ: ಒಂದು ಪದರ ಐಸ್, ಒಂದು ಪದರ ಮೀನು, ಮೇಲೆ ಮತ್ತೆ ಐಸ್. ಪೆಟ್ಟಿಗೆಯನ್ನು ದೊಡ್ಡ ಟ್ರೇ ಮೇಲೆ ಇಡಿ. ಇಲ್ಲದಿದ್ದರೆ ತಿರುವಿನಲ್ಲಿ ಕರಗಿದ ನೀರು ನೆಲದ ಪ್ಲೈವುಡ್ಡಿಗೆ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಹಾಗಾಗಿ ಮೇ ಕೊನೆಯಲ್ಲಿ ಬರುವವರು ಅಂಜಲ್, ಬಂಗುಡೆ ಸ್ವಲ್ಪ ಹೆಚ್ಚೇ ತರುತ್ತಾರೆ. ಮನೆ ಮುಟ್ಟಿದ ರಾತ್ರಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಸಾರು ಮಾಡಿದರೆ ಆ ದಿನದ ಸುಸ್ತೆಲ್ಲ ಇಳಿಯುತ್ತದೆ.

ಗಿಡ ಕೊಟ್ಟರೆ ಮಾತ್ರ ಹುಷಾರು. ಮಲ್ಲಿಗೆ ಗಿಡದ ಕುಂಡವನ್ನು ಎತ್ತಿ ಅಡಿ ನೋಡಿ, ಮಣ್ಣು ಕೆದಕಿ ನೋಡಿ. ಆಫ್ರಿಕನ್ ಬಸವನಹುಳು ಮತ್ತು ಅದರ ಮೊಟ್ಟೆಗಳು ಮಣ್ಣಿನ ಜೊತೆಗೇ ಊರಿಂದೂರಿಗೆ ಹೋಗುತ್ತವೆ. ಶನಿವಾರಸಂತೆ ಕಡೆಯ ಬೆಳೆಗಾರರಿಗೆ ಅದರ ಕಾಟ ಎಷ್ಟು ಅಂತ ಗೊತ್ತು. ನಮ್ಮ ತೋಟಕ್ಕೆ ನಾವೇ ತಂದುಹಾಕುವುದು ಬೇಡ. ಚಕ್ರದ ಮೇಲಿನ ಗೂಡಿಗೆ ಮೆತ್ತಿದ ಮಣ್ಣಿಗೂ ಇದೇ ಮಾತು.

ಹೊರಡುವ ಬೆಳಗ್ಗೆ

ತಿಂಡಿ ತಿಂದು ಹೊರಡುವುದು ಅಂತ ಹಿಂದಿನ ರಾತ್ರಿಯೇ ಹೇಳಿಬಿಡಿ. "ಊಟ ಮಾಡಿಕೊಂಡೇ ಹೋಗಿ ಮಾರಾಯ್ರೆ" ಅಂತ ಅವರು ಹೇಳಿಯೇ ಹೇಳುತ್ತಾರೆ. ಒಪ್ಪಿಕೊಂಡರೆ ಹೊರಡುವಾಗ ಮೂರು ಗಂಟೆ, ಘಾಟಿಯಲ್ಲಿ ಕತ್ತಲೆ. ನೀರುದೋಸೆ ಒಂದೆರಡು ಹೆಚ್ಚೇ ತಿಂದು ಅವರ ಮನಸ್ಸು ತುಂಬಿಸಿ, ಎಂಟು ಗಂಟೆಗೆ ಹೊರಡಿ.

ಅವರ ಪಾತ್ರೆಗಳು ನಿಮ್ಮ ವ್ಯಾನಿನಲ್ಲಿ ಸೇರಿಕೊಂಡಿರುತ್ತವೆ. ಎಲ್ಲವನ್ನೂ ಹುಡುಕಿ ತೊಳೆದು ಕೊಡಿ, ಖಾಲಿಯಾಗಿ ಕೊಡಬೇಡಿ. ಸ್ವಲ್ಪ ಕಾಫಿಪುಡಿ, ಒಳ್ಳೆಮೆಣಸು, ಏಲಕ್ಕಿ ಅಂತ ಮನೆಯಿಂದ ಹೊರಡುವಾಗಲೇ ಕೊನೆಯ ದಿನಕ್ಕೆ ಬೇರೆ ಎತ್ತಿಟ್ಟಿರಬೇಕು. ಕರೆಂಟು, ನೀರು ಬಳಸಿದ್ದಕ್ಕೆ ದುಡ್ಡು ಕೊಡಲು ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮಕ್ಕಳಿಗೋ ಹಿರಿಯರಿಗೋ ಏನಾದರೂ ಕೊಡಿಸಿದರೆ ಬೇಡ ಅನ್ನುವುದಿಲ್ಲ.

ಇಷ್ಟು ದಿನ ವ್ಯಾನಿಗೆ ಕರೆಂಟು ಎಳೆದಿದ್ದ ಪ್ಲಗ್ಗನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಮನೆಯವರಿಗೆ ಹೇಳಿ, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಬದಲಾಯಿಸಿಯೇ ಹೊರಡಿ. ಎ.ಸಿ. ಹಾಕುವವರು 15 ಆಂಪ್ ಸಾಕೆಟ್ಟನ್ನೇ ಬಳಸಬೇಕು. ವ್ಯಾನ್ ನಿಂತಿದ್ದ ಜಾಗದಲ್ಲಿ ಎಣ್ಣೆ ಹನಿ ಬಿದ್ದಿದ್ದರೆ ಮರದಪುಡಿ ಹಾಕಿ ಗುಡಿಸಿ. ತೀರದಲ್ಲಿ ಗುಂಡಿ ತೋಡಿದ್ದರೆ, ಕೆಂಡ ಹಾಕಿದ್ದರೆ ಅದನ್ನೂ ಸರಿ ಮಾಡಿ. ಕೆಂಡದ ಮೇಲೆ ಮರಳು ಮುಚ್ಚಿದರೆ ಅದು ಗಂಟೆಗಟ್ಟಲೆ ಒಳಗೇ ಬಿಸಿಯಾಗಿರುತ್ತದೆ, ಬರಿಗಾಲಿನಲ್ಲಿ ಓಡುವ ಮಕ್ಕಳ ಪಾದ ಸುಡುತ್ತದೆ. ನೀರು ಸುರಿದೇ ಆರಿಸಬೇಕು.

ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿದ್ದನ್ನು ಇಬ್ಬರು ನೋಡಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಕೂರುತ್ತದೆ. ನೆಲದಲ್ಲಿರುವ ಗಾಳಿಕಿಂಡಿಗೆ ಅಕ್ಕಿಚೀಲ ಅಡ್ಡ ಇಡಬೇಡಿ.

ವಾಟರ್ ಸರ್ವಿಸ್ ಎಲ್ಲಿ, ಹೇಗೆ

ಗೆಳೆಯರ ಮನೆಯ ಬಾವಿ ನೀರಿನಲ್ಲೇ ತೊಳೆಯಬಹುದಲ್ವಾ ಅಂತ ಕೇಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಕಡಲಿಗೆ ಹತ್ತಿರದ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಇರುವ ಸಿಹಿನೀರು ಅವರಿಗೇ ಬೇಕು. ಅಲ್ಲಿ ತೊಳೆದರೂ ಮುಂದಿನ ಐವತ್ತು ಅರವತ್ತು ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಡಲ ಪಕ್ಕದಲ್ಲೇ ಬರಬೇಕು. ಮಂಗಳೂರು ದಾಟಿ, ಬಿ.ಸಿ. ರೋಡ್, ಮಾಣಿ ಕಳೆದು ಪುತ್ತೂರು ಅಥವಾ ಸುಳ್ಯ ಮುಟ್ಟಿದ ಮೇಲೆ ವಾಟರ್ ಸರ್ವಿಸ್ ಮಾಡಿಸುವುದು ನನ್ನ ಮಟ್ಟಿಗೆ ಸರಿ. ಕಡಲು ಹಿಂದೆ ಉಳಿದಿರುತ್ತದೆ, ಘಾಟಿ ಇನ್ನೂ ಮುಂದಿರುತ್ತದೆ. ತೊಳೆದ ಗಾಡಿ ಓಡುತ್ತಾ ಒಣಗುತ್ತದೆ.

ಸರ್ವಿಸ್ ಸ್ಟೇಷನ್ನಿನಲ್ಲಿ ಸುಮ್ನೆ "ತೊಳೀರಿ" ಅಂದ್ರೆ ಹೊರಮೈ ಫಳಫಳ ಮಾಡಿ ಕೊಡುತ್ತಾರೆ. ನಿಮಗೆ ಬೇಕಾಗಿರುವುದು ಅಡಿಭಾಗ. ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಲು ಹೇಳಿ, ಪಕ್ಕದಲ್ಲೇ ನಿಂತು ನೋಡಿ. ಚಾಸಿಯ ಒಳಬದಿ, ಲೀಫ್ ಸ್ಪ್ರಿಂಗಿನ ಪಟ್ಟಿಗಳ ಸಂದಿ, ಸ್ಟೆಪ್ನಿ ಕೂರಿಸಿದ ಜಾಗ, ಸೈಲೆನ್ಸರಿನ ಬ್ರಾಕೆಟ್ಟುಗಳು, ಮೆಟ್ಟಿಲಿನ ಅಡಿ ಇಲ್ಲೆಲ್ಲ ಜಾಸ್ತಿ ಹೊತ್ತು ನೀರು ಬಿಡಬೇಕು. ಮೊದಲು ಬರೀ ನೀರು, ಆಮೇಲೆ ಫೋಮ್, ಮತ್ತೆ ನೀರು. ಮೊದಲೇ ಸ್ಪಂಜಿನಿಂದ ಉಜ್ಜಿದರೆ ಮರಳು ಪೈಂಟಿಗೆ ಗೀರು ಹಾಕುತ್ತದೆ. ಪ್ರೆಷರ್ ಗನ್ನನ್ನು ಕಿಟಕಿಯ ರಬ್ಬರ್, ಫ್ರಿಡ್ಜಿನ ಗಾಳಿಕಿಂಡಿ, ಛಾವಣಿಯ ಸೋಲಾರ್ ಪ್ಯಾನೆಲಿನ ವೈರ್ ಕಡೆ ಹಿಡಿಯಲು ಬಿಡಬೇಡಿ.

ಉಪ್ಪು ಹೋಯಿತೋ ಇಲ್ಲವೋ ನೋಡುವುದು ಸುಲಭ. ನಂಬರ್ ಪ್ಲೇಟಿನ ಹಿಂದಿನಿಂದ ಇಳಿಯುವ ಹನಿಯನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿ. ಉಪ್ಪುಪ್ಪು ಅನ್ನಿಸಿದರೆ ಇನ್ನೊಂದು ಸಲ ನೀರು ಹೊಡೆಸಿ. ಇದನ್ನು ಸೋಪು ಹಾಕುವ ಮೊದಲೇ ಮಾಡಿ.

ಅಲ್ಲೇ ಟೈರಿನ ಗಾಳಿಯನ್ನೂ ನೋಡಿಸಿ. ಸಡಿಲ ನೆಲದಲ್ಲಿ ಹೂತುಹೋಗದಿರಲಿ ಅಂತ ಗಾಳಿ ಇಳಿಸಿದ್ದರೆ ಹೊರಡುವ ಬೆಳಗ್ಗೆಯೇ ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ ಮೊದಲಿನ ಮಟ್ಟಕ್ಕೆ ತುಂಬಿಸಿರಬೇಕು. ಕಡಿಮೆ ಗಾಳಿಯಲ್ಲಿ ಹೆದ್ದಾರಿ ಓಡಿದರೆ ಟೈರ್ ಬಿಸಿಯಾಗಿ ಒಡೆಯಬಹುದು.

ಸಂಪಾಜೆ ಘಾಟಿ

ಸುಳ್ಯ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 100 ಮೀಟರ್ ಎತ್ತರದಲ್ಲಿ. ಮಡಿಕೇರಿ ಸುಮಾರು 1,150 ಮೀಟರ್. ಸಂಪಾಜೆ, ಕೊಯನಾಡು, ಜೋಡುಪಾಲ, ಮದೆನಾಡು ಹಾದು ಹತ್ತುವ ಈ ದಾರಿ ರಾಷ್ಟ್ರೀಯ ಹೆದ್ದಾರಿ 275. ಸುಳ್ಯದಲ್ಲಿ ಊಟ ಮುಗಿಸಿ, ಮೂರು ಗಂಟೆಯೊಳಗೆ ಸಂಪಾಜೆ ಗೇಟ್ ದಾಟುವಂತೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಸಂಜೆ ಗುಡುಗು ಮಳೆ ಬರುತ್ತದೆ, ಮೇಲೆ ಹೋದಂತೆ ಮಂಜು ಕವಿಯುತ್ತದೆ. ಶನಿವಾರ ಬೇಡ, ಪ್ರವಾಸಿಗರ ಗಾಡಿಗಳ ಸಾಲಿನ ಹಿಂದೆ ಫಸ್ಟ್ ಗೇರಿನಲ್ಲಿ ತೆವಳುತ್ತಾ ಹತ್ತಬೇಕಾಗುತ್ತದೆ.

ಭಾರದ ವ್ಯಾನನ್ನು ಎಳೆದಾಡಿಸಬೇಡಿ. ಎಂಜಿನ್ ಉಸಿರು ಕಟ್ಟುವ ಮೊದಲೇ ಗೇರ್ ಇಳಿಸಿ. ಎ.ಸಿ. ಆಫ್ ಮಾಡಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಮುಳ್ಳು ಏರಿದರೆ ಅಗಲ ಇರುವ ಕಡೆ ನಿಲ್ಲಿಸಿ, ಬಾನೆಟ್ ತೆಗೆದಿಟ್ಟು ಕಾಯಿರಿ. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಲ್ಲಿ ಖಂಡಿತ ಬಿಚ್ಚಬಾರದು. ಹಿಂದೆ ಬಸ್ಸೋ ಲಾರಿಯೋ ಬಂದರೆ ದಾರಿ ಬಿಡಿ. ಅವರಿಗೆ ದಿನಾ ಇದೇ ದಾರಿ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಈ ರಸ್ತೆಯೇ ಕಡಿದುಹೋಗಿತ್ತು. ಮಳೆ ಜೋರಿರುವ ದಿನ ಹೊರಡುವ ಮುಂಚೆ ಮಡಿಕೇರಿಯಲ್ಲಿರುವ ಯಾರಿಗಾದರೂ ಫೋನ್ ಮಾಡಿ ರಸ್ತೆ ತೆರೆದಿದೆಯೇ ಅಂತ ಕೇಳಿ. ಸಂಶಯ ಇದ್ದರೆ ಸುಳ್ಯದಲ್ಲೇ ಒಂದು ರಾತ್ರಿ ಉಳಿಯಿರಿ, ಮಲಗಲು ಹಾಸಿಗೆ ಜೊತೆಗೇ ಇದೆಯಲ್ಲ. ವಿರಾಜಪೇಟೆ ಕಡೆಯವರಿಗೆ ಕಣ್ಣೂರು, ಇರಿಟ್ಟಿ, ಮಾಕುಟ್ಟ ಮೂಲಕ ಬರುವ ದಾರಿಯೂ ಇದೆ. ಅಲ್ಲಿಯೂ ಮಳೆಗಾಲದಲ್ಲಿ ಇದೇ ಎಚ್ಚರ ಬೇಕು.

ಎತ್ತರ ಏರಿದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಿಪ್ಸ್ ಪ್ಯಾಕೆಟ್ ಉಬ್ಬುತ್ತದೆ, ತುಂಬಿದ ತೆಂಗಿನೆಣ್ಣೆ ಕ್ಯಾನಿನ ಮುಚ್ಚಳದ ಸಂದಿಯಿಂದ ಎಣ್ಣೆ ಜಿನುಗುತ್ತದೆ. ಎಣ್ಣೆಯನ್ನು ಬಕೆಟ್ಟಿನೊಳಗೆ ನೆಟ್ಟಗೆ ನಿಲ್ಲಿಸಿ.

ಮನೆ ಮುಟ್ಟಿದ ಮೇಲೆ

ಮೊದಲು ಗೆಳೆಯರಿಗೆ ಫೋನ್. ಅವರು ಕಾಯುತ್ತಿರುತ್ತಾರೆ. ಆಮೇಲೆ ಮೀನು, ಆಮೇಲೆ ಉಳಿದದ್ದು. ತೋಟದ ದಾರಿಯಲ್ಲಿ ತಗ್ಗಿದ ಕೊಂಬೆ, ಜೋತ ಕರೆಂಟು ವೈರ್ ಇದ್ದರೆ ಒಬ್ಬರು ಇಳಿದು ಮುಂದೆ ನಡೆಯಬೇಕು. ಛಾವಣಿಯ ಎ.ಸಿ. ಎತ್ತರ ಡ್ರೈವರ್ ಸೀಟಿನಿಂದ ಗೊತ್ತಾಗುವುದಿಲ್ಲ.

ಮಾರನೇ ದಿನ ಬಿಸಿಲಿದ್ದರೆ ವ್ಯಾನನ್ನು ಕಾಫಿ ಕಣಕ್ಕೆ ತನ್ನಿ. ಕೊಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುವ ಸಿಮೆಂಟ್ ಕಣಕ್ಕಿಂತ ಒಳ್ಳೆಯ ಜಾಗ ಇದಕ್ಕೆ ಬೇರೆ ಇಲ್ಲ. ಎಲ್ಲ ಬಾಗಿಲು, ಡ್ರಾಯರ್, ಫ್ರಿಡ್ಜ್ ತೆರೆದಿಡಿ. ಹಾಸಿಗೆಯನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ, ಮಧ್ಯಾಹ್ನ ಮಗ್ಗುಲು ಬದಲಿಸಿ. ತೇವ ಕೂರುವುದು ಹಾಸಿಗೆಯ ಅಡಿಯಲ್ಲಿ, ಪ್ಲೈವುಡ್ ತಾಗುವ ಕಡೆ. ಅಲ್ಲಿ ಆಗಲೇ ಬೂಷ್ಟಿನ ಚುಕ್ಕೆ ಕಂಡರೆ ಬಿಳಿ ವಿನೆಗರ್ ಒರೆಸಿ ಒಣಗಲು ಬಿಡಿ. ವಿನೆಗರ್ ಮತ್ತು ಬ್ಲೀಚನ್ನು ಒಟ್ಟಿಗೆ ಎಂದೂ ಬಳಸಬಾರದು, ವಿಷದ ಕ್ಲೋರಿನ್ ಗ್ಯಾಸ್ ಏಳುತ್ತದೆ.

ಘಾಟಿಯಲ್ಲಿ ಕಲಕಿ ಬಂದ ಸೋಪುನೀರನ್ನು ಖಾಲಿ ಮಾಡಿ. ಕುಡಿಯುವ ನೀರಿನ ಟ್ಯಾಂಕಿಗೆ ಪರಿಮಳ ಬೆರೆಸದ ಶೇ. 5ರ ಬ್ಲೀಚ್ ದ್ರಾವಣ ಬೇಕು. 100 ಲೀಟರ್ ನೀರಿಗೆ 100 ಮಿಲಿ ಸಾಕು. ನಲ್ಲಿಯಲ್ಲಿ ಬ್ಲೀಚ್ ವಾಸನೆ ಬರುವವರೆಗೆ ಬಿಟ್ಟು, ನಾಲ್ಕು ಗಂಟೆ ಹಾಗೇ ಇಟ್ಟು, ವಾಸನೆ ಹೋಗುವವರೆಗೆ ಹೊಸ ನೀರಿನಲ್ಲಿ ಜಾಲಾಡಿಸಿ. ಈ ನೀರು ಗಿಡದ ಬುಡಕ್ಕೆ ಬೇಡ. ಕೊನೆಗೆ ಪಂಪು, ಪೈಪು ಎಲ್ಲ ಖಾಲಿ ಮಾಡಿ ನಲ್ಲಿಗಳನ್ನು ತೆರೆದೇ ಬಿಡಿ.

ಮಳೆಗಾಲಕ್ಕೆ ನಿಲ್ಲಿಸುವುದು

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೆಚ್ಚಿನದೆಲ್ಲ ಈ ನಾಲ್ಕು ತಿಂಗಳಲ್ಲೇ. ತಗಡಿನ ಶೀಟು ಹೊದೆಸಿದ, ಪಕ್ಕ ತೆರೆದ ಶೆಡ್ ಇದ್ದರೆ ಅದಕ್ಕಿಂತ ಬೇರೆ ಬೇಡ. ಪ್ಲಾಸ್ಟಿಕ್ ಟಾರ್ಪಾಲನ್ನು ಮೈಗೆ ಬಿಗಿದು ಕಟ್ಟಬೇಡಿ. ಒಳಗೆ ತೇವ ಕೂತು, ಗಾಳಿಗೆ ಬಡಿದು ಪೈಂಟ್ ಏಳುತ್ತದೆ. ಸಿಲ್ವರ್ ಓಕ್ ಮರದ ಕೆಳಗೆ ಖಂಡಿತ ನಿಲ್ಲಿಸಬಾರದು. ಜೂನ್ ಗಾಳಿಗೆ ಅದರ ಕೊಂಬೆ ಮುರಿಯುವುದು ತೋಟದವರಿಗೆಲ್ಲ ಗೊತ್ತು.

ಹ್ಯಾಂಡ್‌ಬ್ರೇಕ್ ಹಾಕಿಡಬೇಡಿ, ತಿಂಗಳುಗಟ್ಟಲೆ ಒದ್ದೆಯಲ್ಲಿ ನಿಂತರೆ ಬ್ರೇಕ್ ಹಿಡಿದುಕೊಂಡುಬಿಡುತ್ತದೆ. ಗೇರಿನಲ್ಲಿಟ್ಟು, ಚಕ್ರಗಳಿಗೆ ಮರದ ತುಂಡು ಕೊಡಿ. ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗ ಇದ್ದಷ್ಟೂ ಒಳಗೆ ನೀರು ಹನಿಗಟ್ಟುತ್ತದೆ. ಗ್ಯಾಸ್ ಸಿಲಿಂಡರ್ ಹೊರಗೆ ತೆಗೆದು ಗಾಳಿಯಾಡುವ ಕಡೆ ನೆಟ್ಟಗೆ ಇಡಿ.

ಒಳಗೆ ಒಂದು ಕಾಳು ಅಕ್ಕಿಯೂ ಉಳಿಯಬಾರದು. ತಿನ್ನಲು ಬಂದ ಇಲಿ ವೈರನ್ನೂ ಕಡಿಯುತ್ತದೆ. ಪೈಪು, ವೈರು ಹಾದುಹೋಗುವ ತೂತುಗಳಿಗೆ ಸ್ಟೀಲ್ ಜಾಲರಿ ತುರುಕಿ. ತೇವ ಎಳೆಯಲು ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಹಾಸಿಗೆಯ ಹತ್ತಿರ, ಬೀರುವಿನಲ್ಲಿ ಇಡಿ. ಅದರಲ್ಲಿ ನೀರು ತುಂಬಿದಾಗ ಚೆಲ್ಲಿ ಬದಲಾಯಿಸಬೇಕು. ಆ ನೀರು ಕೂಡ ಕಬ್ಬಿಣ ತಿನ್ನುತ್ತದೆ, ಉರುಳದಂತೆ ಟ್ರೇಯಲ್ಲಿಡಿ.

ವ್ಯಾನಿನ ಒಳಗಿನ ಬಳಕೆಗೆ ಇರುವ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಮೈನಸ್ ವೈರ್ ಬಿಚ್ಚಿಡಿ. ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ಮನಿದ್ದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ ಅಂತ ಲೆಕ್ಕ, ಆ ಹೊತ್ತಿಗೆ ಮತ್ತೆ ಚಾರ್ಜಿಗೆ ಹಾಕಲೇಬೇಕು. ಲಿಥಿಯಂ ಬ್ಯಾಟರಿಯಾದರೆ ಅರ್ಧ ಚಾರ್ಜಿನಲ್ಲಿಡುವುದು ಒಳ್ಳೆಯದು.

ಆಟಿ ತಿಂಗಳ (ಜುಲೈ-ಆಗಸ್ಟ್) ಜೋರು ಮಳೆಯಲ್ಲೂ ಒಮ್ಮೊಮ್ಮೆ ಎರಡು ದಿನ ಮಳೆ ಬಿಡುತ್ತದೆ. ಅಂಥ ದಿನ ಸಿಕ್ಕಿದರೆ ಬೇರೆ ಕೆಲಸ ಬದಿಗಿಟ್ಟು ವ್ಯಾನಿನ ಬಾಗಿಲು ತೆರೆಯಿರಿ. ಹಾಸಿಗೆ ನಿಲ್ಲಿಸಿ, ವೋಲ್ಟ್ ನೋಡಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಗಾಡಿಯನ್ನು ಅರ್ಧ ಚಕ್ರದಷ್ಟು ಮುಂದೆ ಸರಿಸಿ ನಿಲ್ಲಿಸಿ. ಸಂಜೆ ನಾಲ್ಕಕ್ಕೆ ಮತ್ತೆ ಮುಚ್ಚಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಬಂದ ಮೇಲೆ ಬಾಗಿಲಿನ ಹಳಿಗೆ ಹೊಸ ಗ್ರೀಸ್ ಹಚ್ಚಿ, ಅಡಿಭಾಗ ಇನ್ನೊಮ್ಮೆ ನೋಡಿಸಿ. ಎಲ್ಲಾದರೂ ತುಕ್ಕು ಕಂಡರೆ ಕೆರೆದು, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಪೈಂಟ್ ಕೊಡಿಸಿ.